ಮೂವತ್ತೆಂಟನೆಯ ಸೊಳ್ಳೆ

ಹೈದರಾಬಾದಿಗೆ ಓದಲು ಬಂದ ಹೊಸದರಲ್ಲಿ ಬೇಗಂಪೇಟೆಯ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಹಳೆಯ ವಿಮಾನ ನಿಲ್ದಾಣದ ಹತ್ತಿರ, ಉಸ್ಮಾನಿಯಾ ವಿಶ್ವವಿದ್ಯಾಲಯದ ವಶದಲ್ಲಿ ಒಂದು ಹಳೆಯ ಕಟ್ಟಡವಿದೆ ಅಂತ ತಿಳಿದದ್ದು ಆಮೇಲೆ. ಅಲ್ಲಿ ಕೂತು ಒಬ್ಬ ಡಾಕ್ಟರು ಸೊಳ್ಳೆಯ ಹೊಟ್ಟೆಯೊಳಗೆ ಇಣುಕಿ ನೋಡಿದ; ಚಳಿಜ್ವರದ ಗುಟ್ಟು ಅಲ್ಲಿಂದ ಬಿಚ್ಚತೊಡಗಿತು. ಆತ ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೈನ್ಯಾಧಿಕಾರಿ. ಹುಡುಗನಿಗೋ ಚಿತ್ರ, ಕವಿತೆ, ಸಂಗೀತದ ಹುಚ್ಚು. ತಂದೆಯ ಹಟಕ್ಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತದ ಸರ್ಕಾರಿ ವೈದ್ಯಸೇವೆಗೆ ಸೇರಿದ. ಅಪ್ಪನ ಹಟಕ್ಕೆ ವಿಜ್ಞಾನ ತಗೊಂಡು, ಸಂಜೆ ಕನ್ನಡ ಸಂಘಕ್ಕೆ ಓಡಿ ಬರುವವರು ನಮ್ಮಲ್ಲೂ ಇದ್ದೀರಲ್ಲವೆ?

1883ರಲ್ಲಿ ಅವನು ಬೆಂಗಳೂರಿನ ದಂಡಿನಲ್ಲಿದ್ದ. ಬಂಗಲೆಯಲ್ಲಿ ಸೊಳ್ಳೆಯ ಕಾಟ. ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಅವುಗಳ ಮರಿ ಕಂಡು ನೀರು ಚೆಲ್ಲಿಸಿದ, ಕಾಟ ಇಳಿಯಿತು. ಸೊಳ್ಳೆಗೂ ಜ್ವರಕ್ಕೂ ನಂಟುಂಟೆಂದು ಆಗ ಅವನಿಗೆ ಹೊಳೆದಿರಲಿಲ್ಲ.

ಮಲೇರಿಯಾದ ಜೀವಾಣುವನ್ನು ಮನುಷ್ಯರ ರಕ್ತದಲ್ಲಿ ಫ್ರಾನ್ಸಿನ ಲಾವೆರಾನ್ 1880ರಲ್ಲೇ ಕಂಡಿದ್ದ. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿ ಮಾತ್ರ ಗೊತ್ತಿರಲಿಲ್ಲ. 1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಆ ಜೀವಾಣುವನ್ನು ರಾಸ್‌ಗೆ ತೋರಿಸಿ, ಸೊಳ್ಳೆಯ ಮೇಲೆ ಕಣ್ಣಿಡಲು ಹೇಳಿದ. ಗುರುವಿನ ಊಹೆ ಅರ್ಧ ಸರಿ, ಅರ್ಧ ತಪ್ಪು. ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಜ್ವರ ಬರುತ್ತದೆಂದು ಅವನ ಎಣಿಕೆ. 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್, ಹಣ ಕೊಟ್ಟು ಇಲ್ಲಿನವರಿಗೆ ಅಂಥ ನೀರನ್ನು ಕುಡಿಸಿಯೂ ನೋಡಿದ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ನಡುವೆ ಸರ್ಕಾರ ಅವನನ್ನು ಕಾಲರಾ ಕೆಲಸಕ್ಕೆ ಬೆಂಗಳೂರಿಗೆ ಕಳಿಸಿತು. 1897ರಲ್ಲಿ ಮರಳಿದವನು ಮತ್ತೆ ಸೊಳ್ಳೆ ಕೊಯ್ಯುತ್ತ ಕೂತ. ಬೂದು ಬಣ್ಣದವು, ಪಟ್ಟೆಯವು, ಒಂದರಲ್ಲೂ ಏನೂ ಕಾಣಲಿಲ್ಲ. ಹೇಗೆ ಕಂಡೀತು? ಆ ಜಾತಿಗಳಲ್ಲಿ ಈ ಜೀವಾಣು ಬೆಳೆಯುವುದೇ ಇಲ್ಲ! ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಯಿದ್ದ ಕಂದು ಸೊಳ್ಳೆಗಳು ಸಿಕ್ಕವು. 16ರಂದು ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಅವು ಕಚ್ಚುವಂತೆ ಮಾಡಿದ. ಸೊಳ್ಳೆಗೊಂದು ಆಣೆ ಕೂಲಿ.

ಆ ಸೆಕೆಯಲ್ಲೂ ಪಂಖಾ ಬೀಸಿಸುವಂತಿಲ್ಲ, ಸೊಳ್ಳೆ ಹಾರಿಹೋದೀತು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಕಣ್ಣಿಗಿಡುವ ಗಾಜು ಸೀಳಿತ್ತು. 20ರಂದು 38ನೆಯ ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಕಪ್ಪು ಕಣಗಳು. ರೋಗಿಯ ರಕ್ತದ ಜೀವಾಣುವಿನಲ್ಲಿದ್ದಂಥವೇ. ಮಾರನೆಯ ದಿನದ ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಬೆಳೆಯುತ್ತಿವೆ!

ಅಷ್ಟರಲ್ಲಿ ರಾಜಸ್ಥಾನದ ಖೇರ್ವಾರಾಕ್ಕೆ ವರ್ಗ. ಉಳಿದದ್ದನ್ನು 1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾದ ಮೇಲೆ ಮುಗಿಸಿದ. ಜೀವಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುತ್ತದೆ, ಕಚ್ಚಿದಾಗ ಮೈಗೆ ಇಳಿಯುತ್ತದೆ. ಗುರುವಿನ ನೀರಿನ ಮಾತು ಸುಳ್ಳಾಯಿತು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಕೀರ್ತಿ ಯಾರದೆಂದು ಇಟಲಿಯ ಗ್ರಾಸಿಯೊಡನೆ ಕಹಿಯಾಗಿ ಜಗಳವಾಡಿದ. 1932ರಲ್ಲಿ ತೀರಿಕೊಂಡ.

ರಾಸ್ ದೇವಮಾನವನಲ್ಲ, ಸಿಡುಕ. ಆದರೆ ಬರಿ ಕಣ್ಣಿದ್ದರೆ ಸಾಲದು, ಏನನ್ನು ನೋಡಬೇಕೆಂದು ತಿಳಿಯುವ ತನಕ ನೋಡುತ್ತಲೇ ಇರಬೇಕು ಅನ್ನುವುದನ್ನು ನಾನು ಅವನಿಂದ ಕಲಿತೆ. ಹಾಗೆಯೇ ಹುಸೇನ್ ಖಾನನನ್ನೂ ಮರೆಯಲಾರೆ. ಅವನ ರಕ್ತವಿಲ್ಲದೆ ಆ 38ನೆಯ ಸೊಳ್ಳೆಯಲ್ಲಿ ಕಾಣುವುದಕ್ಕೆ ಏನಿತ್ತು?

ಈಗ ರಾತ್ರಿ ಕೋಣೆಯ ಗೋಡೆಯ ಮೇಲೆ ಸೊಳ್ಳೆ ಕಂಡರೆ ಕೈ ಎತ್ತುವ ಮೊದಲು ಒಂದು ಗಳಿಗೆ ನಿಲ್ಲುತ್ತೇನೆ. ತಲೆ ತಗ್ಗಿಸಿ, ಹಿಂಭಾಗ ಎತ್ತಿ ಓರೆಯಾಗಿ ಕೂತಿದ್ದರೆ ಅದು ರಾಸ್‌ನ ಸೊಳ್ಳೆಯ ಬಳಗ. ಆಮೇಲೆ ಹೊಡೆಯುತ್ತೇನೆ, ಅದು ಬೇರೆ ಮಾತು.