ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಕಾರು ಸ್ಟಾರ್ಟ್ ಆಗದಿದ್ದರೆ ತಳ್ಳಬೇಕೇ? ಉತ್ತರ ಒಟ್ಟೊನ ಬದುಕಿನಲ್ಲಿದೆ

ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿದ್ದೀರಿ, ಕಾರು ಸ್ಟಾರ್ಟ್ ಆಗುತ್ತಿಲ್ಲ. ರಾಯಚೂರಿನಲ್ಲಿರಲಿ, ದೇವದುರ್ಗ, ಮಾನ್ವಿ ರಸ್ತೆಯಲ್ಲಿರಲಿ, ಮೊದಲು ಸಿಗುವ ಸಲಹೆ ಒಂದೇ: ನಾಲ್ಕು ಜನ ಸೇರಿ ತಳ್ಳಿ. ಬ್ಯಾಟರಿ ಇಳಿದಿದ್ದರೆ ಸರಿ. ಬೆಲ್ಟ್ ಬದಲಿಸಿದ ಮೇಲೆ ಮಾತ್ರ ಇದು ಅಪಾಯಕಾರಿ. ಏಕೆಂದು ತಿಳಿಯಲು ನಿಕೋಲಸ್ ಒಟ್ಟೊ ಅವರ ಕಥೆ ಸಾಕು. (ನಮ್ಮ ಆಟೋರಿಕ್ಷಾದ ‘ಆಟೋ’ ಇವರ ಹೆಸರಿನಿಂದ ಬಂದದ್ದಲ್ಲ; ಅದರ ಮೂಲ ‘ತಾನೇ’ ಎಂಬರ್ಥದ ಗ್ರೀಕ್ ಪದ.)

ಒಟ್ಟೊ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಹೋಲ್ಟ್ಸ್‌ಹೌಸೆನ್ ಹಳ್ಳಿಯಲ್ಲಿ. ಎಂಜಿನಿಯರಿಂಗ್ ಓದಿದವರಲ್ಲ, ಊರೂರು ಸುತ್ತಿ ದಿನಸಿ ಮಾರುತ್ತಿದ್ದವರು. ಫ್ರಾನ್ಸಿನ ಲೆನ್ವಾರ್ ಅವರ ಗ್ಯಾಸ್ ಎಂಜಿನ್ ಸುದ್ದಿ ಕೇಳಿ ಇವರಿಗೂ ಹುಚ್ಚು ಹಿಡಿಯಿತು. 1862ರಲ್ಲಿ ಮಿಶ್ರಣವನ್ನು ಒತ್ತಿ ಉರಿಸುವ ಎಂಜಿನ್ ಮಾಡಿದರು. ಸ್ಫೋಟದ ಹೊಡೆತಕ್ಕೆ ಅದು ಹಾಳಾಯಿತು. 1864ರಲ್ಲಿ ಆಯ್ಗೆನ್ ಲಾಂಗೆನ್ ಜೊತೆ ಕಂಪನಿ ಕಟ್ಟಿದರು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಬೇರೊಂದು ಎಂಜಿನ್‌ಗೆ ಚಿನ್ನದ ಪದಕ ಬಂತು. ಆದರೂ ಹಳೆಯ ಯೋಚನೆ ಬಿಡಲಿಲ್ಲ.

1876ರಲ್ಲಿ ಗೆದ್ದರು. ಎಳೆಯುವುದು, ಒತ್ತುವುದು, ಉರಿಸುವುದು, ಹೊರಹಾಕುವುದು: ಈ ನಾಲ್ಕು ಹೆಜ್ಜೆಗೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಹಾಗಾಗಿ ಅನಿಲದ ಬಾಗಿಲು ತೆರೆದು ಮುಚ್ಚುವ ಶಾಫ್ಟ್ ಅರ್ಧ ವೇಗದಲ್ಲಿ ತಿರುಗಬೇಕು. ಒಟ್ಟೊ ಇದಕ್ಕೆ ಹಲ್ಲಿನ ಗೇರ್ ಬಳಸಿದರು. ಇಂದು ಅನೇಕ ಕಾರುಗಳಲ್ಲಿ ಆ ಕೆಲಸ ಹಲ್ಲಿರುವ ರಬ್ಬರ್ ಬೆಲ್ಟಿನದು.

ಈ ಬೆಲ್ಟ್ ಒಂದೆರಡು ಹಲ್ಲು ಆಚೀಚೆ ಕೂತರೂ ವಾಲ್ವ್ ತೆರೆಯುವ ಹೊತ್ತು ತಪ್ಪುತ್ತದೆ, ಒತ್ತಡ ನಿಲ್ಲುವುದಿಲ್ಲ. ಹೆಚ್ಚು ತಪ್ಪಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ತಳ್ಳಿದರೂ ಅಷ್ಟೇ, ಸೆಲ್ಫ್ ಹೊಡೆಯುತ್ತಲೇ ಇದ್ದರೂ ಅಷ್ಟೇ. ವಾಲ್ವ್ ಬಾಗಿದರೆ ಹೆಡ್ ಬಿಚ್ಚಬೇಕು. ಬೆಲ್ಟಿನ ಖರ್ಚಿನ ಹಲವು ಪಟ್ಟು ಹೋಗುತ್ತದೆ.

ಒಟ್ಟೊಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಫ್ರಾನ್ಸಿನ ಬೋ ದ ರೋಶಾ ಇದೇ ತತ್ವವನ್ನು 1862ರಲ್ಲೇ ಕಾಗದದ ಮೇಲೆ ಬರೆದಿದ್ದರು, ಎಂಜಿನ್ ಮಾತ್ರ ಮಾಡಿರಲಿಲ್ಲ. ಆ ಕಾರಣಕ್ಕೆ 1886ರಲ್ಲಿ ಜರ್ಮನಿಯಲ್ಲಿ ಒಟ್ಟೊ ಪೇಟೆಂಟ್ ರದ್ದಾಯಿತು. ಓಡಿಸಿ ತೋರಿಸಿದವರಿಗೆ ಅನ್ಯಾಯವಾಯಿತೆಂದೇ ನನಗನಿಸುತ್ತದೆ. 1891ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಕಾರಿಗೆ ಏನು ಮಾಡಬೇಕು? ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ. ಮೆಕ್ಯಾನಿಕ್ ಮೊದಲು ಕ್ರ್ಯಾಂಕ್, ಕ್ಯಾಮ್ ಗುರುತುಗಳನ್ನು ನೋಡಲಿ. ನಂತರ ಪಾನಾ ಹಾಕಿ ಕ್ರ್ಯಾಂಕ್ ಅನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಲಿ. ಮಧ್ಯೆ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಗುರುತುಗಳು ಮತ್ತೆ ಕೂಡಿದರೆ, ಕೆಲಸದ ವೇಳೆ ಬಿಚ್ಚಿದ ಸೆನ್ಸರ್ ವೈರುಗಳನ್ನು ಮರಳಿ ಸಿಕ್ಕಿಸಿದ್ದಾರೆಯೇ ನೋಡಿಸಿ. ಅದೂ ಸರಿಯಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ವಾಲ್ವ್ ಬಾಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ.