ಆಕಾಶಕ್ಕೆ ತಾಳೆಯಾಗುವ ಪಂಚಾಂಗ

ದಾಂಡೇಲಿ, ಹಳಿಯಾಳದ ಕಡೆ ಕೆಲವು ಮನೆಗಳಲ್ಲಿ ಕನ್ನಡ ಪಂಚಾಂಗದ ಪಕ್ಕದಲ್ಲೇ ಮರಾಠಿ ದಿನದರ್ಶಿಕೆಯೂ ತೂಗುತ್ತಿರುತ್ತದೆ. ಒಂದೇ ತಿಥಿ ಮುಗಿಯುವ ಹೊತ್ತು ಎರಡರಲ್ಲಿ ಬೇರೆಯಾಗಿದ್ದರೆ ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಆಯುಷ್ಯ ಸವೆಸಿದವರು ವೆಂಕಟೇಶ ಬಾಪೂಜಿ ಕೇತಕರ.

1854ರಲ್ಲಿ ನರಗುಂದದಲ್ಲಿ ಜನಿಸಿದ ಅವರು ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಶಿಕ್ಷಕರಾಗಿ ದುಡಿದು, ಬಾಗಲಕೋಟೆಯಲ್ಲಿ ಮುಖ್ಯಾಧ್ಯಾಪಕರಾಗಿದ್ದರು. ಆಗ ಈ ಭಾಗದ ಅನೇಕ ಪಂಚಾಂಗಗಳಿಗೆ ಆಧಾರ, 1520ರಲ್ಲಿ ಗಣೇಶ ದೈವಜ್ಞ ರಚಿಸಿದ ‘ಗ್ರಹಲಾಘವ’. ಲೆಕ್ಕ ಸುಲಭ, ಆದರೆ ಶತಮಾನಗಳು ಉರುಳಿದಂತೆ ಸಣ್ಣ ವ್ಯತ್ಯಾಸಗಳು ಕೂಡಿ ದೊಡ್ಡದಾಗಿದ್ದವು.

ಶರದ ಲೆಕ್ಕವನ್ನೇ ನೋಡಬಹುದು. ಸೂರ್ಯನ ಹಾದಿಯಾದ ಕ್ರಾಂತಿವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಗ್ರಹ ಸರಿದಿರುವ ಕೋನವೇ ಶರ. ಸೂರ್ಯಸಿದ್ಧಾಂತದಲ್ಲಿ ಚಂದ್ರನ ಪರಮ ಶರ 270 ಕಲೆ, ಅಂದರೆ ನಾಲ್ಕೂವರೆ ಅಂಶ. ರಾಹುವಿನಿಂದ ಚಂದ್ರನಿರುವ ದೂರದ ಜ್ಯಾವನ್ನು ಇದರಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಿದರೆ ಆ ಹೊತ್ತಿನ ಶರ ಸಿಗುತ್ತದೆ. ವಿಧಾನ ಸೊಗಸಾದದ್ದೇ, ಮೂಲಾಂಕ ಮಾತ್ರ ಕಡಿಮೆ. ಆಧುನಿಕ ಮಾಪನದಲ್ಲಿ ಅದು ಸರಾಸರಿ 5 ಅಂಶ 9 ಕಲೆ. ಹುಣ್ಣಿಮೆಯ ಚಂದ್ರ ಭೂಮಿಯ ನೆರಳಿಗೆ ಸಿಲುಕುವನೇ ಎಂಬುದು ಶರದಿಂದಲೇ ತೀರ್ಮಾನವಾಗುವುದರಿಂದ, ಇಂಥ ವ್ಯತ್ಯಾಸ ಗ್ರಹಣದ ಲೆಕ್ಕಕ್ಕೂ ತಟ್ಟುತ್ತದೆ.

ಕೇತಕರರು ಯುರೋಪಿನ ಹೊಸ ಕೋಷ್ಟಕಗಳನ್ನು ಅಭ್ಯಸಿಸಿ, ಸಂಸ್ಕೃತದಲ್ಲಿ ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ ರಚಿಸಿದರು. ತಿಥಿ, ನಕ್ಷತ್ರ, ನಿರಯನ ರಾಶಿಚಕ್ರವೆಂಬ ನಮ್ಮ ಚೌಕಟ್ಟನ್ನು ಬಿಡಲಿಲ್ಲ. ಅದರೊಳಗಿನ ಅಂಕಿಗಳನ್ನು ತಿದ್ದಿದರು. ತಿದ್ದುಪಡಿಯನ್ನು ಒಪ್ಪಿದವರಲ್ಲೂ ಒಮ್ಮತವಿರಲಿಲ್ಲ. ರಾಶಿಚಕ್ರದ ಆರಂಭವನ್ನು ಕೇತಕರರು ಚಿತ್ರಾ ನಕ್ಷತ್ರದಿಂದ ಗುರುತಿಸಿದರೆ, ಬಾಲಗಂಗಾಧರ ತಿಲಕರ ಪಕ್ಷ ರೇವತಿಯನ್ನು ಹಿಡಿಯಿತು. ಈ ನಾಲ್ಕು ಅಂಶಗಳ ಅಂತರದಿಂದ ಅಧಿಕಮಾಸವೇ ಬದಲಾಗಬಲ್ಲದು.

1911ರಲ್ಲಿ ಅವರು ನೆಪ್ಚೂನ್‌ನ ಆಚೆ ಎರಡು ಗ್ರಹಗಳಿವೆಯೆಂದು ಊಹಿಸಿ, ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನ ಪರಿಭ್ರಮಣ ಕಾಲ 242 ವರ್ಷವೆಂದರು. 1930ರಲ್ಲಿ ಸಿಕ್ಕ ಪ್ಲುಟೊದ ಕಾಲ 248 ವರ್ಷ. ಇದು ಬಹುಮಟ್ಟಿಗೆ ಕಾಕತಾಳೀಯ. ವಿಷ್ಣು ಸಿಗಲೇ ಇಲ್ಲ. ಕೇತಕರರು ತೀರಿಕೊಂಡದ್ದೂ 1930ರಲ್ಲೇ.

ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಚಿತ್ರಾಪಕ್ಷಕ್ಕೆ ಹತ್ತಿರದ ಅಯನಾಂಶವನ್ನೇ ಸ್ವೀಕರಿಸಿತು. ಹಳೆಯ ಅಂಕಿಗಳನ್ನೇ ನಂಬಿ ಕಡತ ಮುಗಿಸುವ ಅಭ್ಯಾಸವನ್ನು ಸರಕಾರಿ ಸೇವೆಯಲ್ಲಿ ನಾನೂ ಕಂಡಿದ್ದೇನೆ. ಪೂರ್ವಿಕರು ಆಕಾಶ ನೋಡಿಯೇ ಲೆಕ್ಕ ಕಟ್ಟಿದರು. ನಾವೂ ಆಕಾಶ ನೋಡಿ ಅದನ್ನು ತಿದ್ದಿಕೊಂಡರೆ ಅವರ ಹಾದಿಯನ್ನು ಬಿಟ್ಟಂತಲ್ಲ, ಹಿಡಿದಂತೆ.