ಫ್ಲಾರೆನ್ಸ್ ನೈಟಿಂಗೇಲ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಇವು ವಿಜಯನಗರ ಜಿಲ್ಲೆಯ ಊರುಗಳು. ಇವುಗಳ ಸುತ್ತಲಿನ ಹಳ್ಳಿಗಳಲ್ಲಿ ಬಹುಪಾಲು ಬೇಸಾಯಗಾರರಿಗೆ ಮಳೆಯೇ ಆಧಾರ. ಇಂತಹ ಮನೆಗಳ ಹೆಣ್ಣುಮಕ್ಕಳು ಓದಿ ಶುಶ್ರೂಷಕಿಯರಾಗುವುದು ಇಂದು ಹೊಸ ಸಂಗತಿಯಲ್ಲ. ಆದರೆ ಒಂದು ಕಾಲದಲ್ಲಿ ಈ ವೃತ್ತಿಯ ಹೆಸರೆತ್ತುವುದೇ ಮನೆತನಕ್ಕೆ ಕುಂದು ಎನಿಸಿತ್ತು. ಆ ಕಳಂಕವನ್ನು ತೊಡೆದು, ಶುಶ್ರೂಷೆಯನ್ನು ಕಲಿತು ಮಾಡುವ ವಿದ್ಯೆಯಾಗಿ ಬೆಳೆಸಿದವರಲ್ಲಿ ಅಗ್ರಗಣ್ಯಳು ಫ್ಲಾರೆನ್ಸ್ ನೈಟಿಂಗೇಲ್.

ಆಕೆ ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಆ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗಿಟ್ಟರು. ಇಂಗ್ಲೆಂಡಿನ ಶ್ರೀಮಂತ ಮನೆತನ ಅವರದು. ತಂದೆ ತಾವೇ ಕುಳಿತು ಮಗಳಿಗೆ ಹಲವು ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದರು. ಗಣಿತದಲ್ಲಿ ಆಕೆಗೆ ವಿಶೇಷ ಒಲವಿತ್ತು. ರೋಗಿಗಳ ಸೇವೆಯೇ ತನ್ನ ಬಾಳಿನ ಗುರಿಯೆಂದು ಆಕೆ ತಿಳಿಸಿದಾಗ ಮನೆಯಲ್ಲಿ ದೊಡ್ಡ ಕೋಲಾಹಲವೇ ಆಯಿತು. ಅಂದಿನ ಆಸ್ಪತ್ರೆಗಳು ಕೊಳಕಿನ ಆಗರಗಳಾಗಿದ್ದವು. ಅಲ್ಲಿನ ದಾದಿಯರಿಗೆ ವಿದ್ಯೆಯೂ ಇರಲಿಲ್ಲ, ಸಮಾಜದಲ್ಲಿ ಮರ್ಯಾದೆಯೂ ಇರಲಿಲ್ಲ. ತಾಯಿಯೂ ಅಕ್ಕನೂ ಕಣ್ಣೀರಿಟ್ಟು ತಡೆದರು. ವರ್ಷಗಳು ಉರುಳಿದರೂ ಆಕೆಯ ಸಂಕಲ್ಪ ಸಡಿಲಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ತರಬೇತಿ ಪಡೆದಳು. 1853ರಲ್ಲಿ ಲಂಡನ್ನಿನ ಒಂದು ಮಹಿಳಾ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಮರುವರ್ಷ ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಸೈನಿಕರ ದುಃಸ್ಥಿತಿಯ ವಾರ್ತೆ ಇಂಗ್ಲೆಂಡನ್ನು ತಲ್ಲಣಗೊಳಿಸಿತು. ಸರ್ಕಾರದ ಕೋರಿಕೆಯಂತೆ 38 ಮಂದಿ ದಾದಿಯರೊಡನೆ ಹೊರಟ ನೈಟಿಂಗೇಲ್, 1854ರ ನವೆಂಬರಿನಲ್ಲಿ ತುರ್ಕಿಯ ಸ್ಕುಟಾರಿ ಎಂಬಲ್ಲಿದ್ದ ಸೇನಾ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಶುಚಿಯಾದ ಬಟ್ಟೆಯಿರಲಿಲ್ಲ, ತಕ್ಕ ಆಹಾರವಿರಲಿಲ್ಲ. ಆಕೆ ಅಡುಗೆಮನೆಯನ್ನು ಸರಿಪಡಿಸಿದಳು, ಬಟ್ಟೆ ಒಗೆಸುವ ಏರ್ಪಾಡು ಮಾಡಿದಳು. ರಾತ್ರಿಯ ವೇಳೆ ಕೈಯಲ್ಲಿ ದೀಪ ಹಿಡಿದು, ಸಾಲು ಸಾಲಾಗಿ ಮಲಗಿದ್ದ ರೋಗಿಗಳನ್ನು ವಿಚಾರಿಸಿಕೊಂಡಳು. ದೀಪಧಾರಿಣಿ ಎಂಬ ಬಿರುದು ಆಕೆಗೆ ಬಂದುದು ಹೀಗೆ.

ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಯಲ್ಲಿ ನೂರಕ್ಕೆ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚಿಯಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ಶುಚಿಗೊಳಿಸಿತು, ಗಾಳಿ ಆಡುವಂತೆ ಮಾಡಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ನೈಟಿಂಗೇಲ್ ಈ ಅಂಕಿಗಳನ್ನೆಲ್ಲ ಕಲೆಹಾಕಿ ಪರಿಶೀಲಿಸಿದಳು. ಗಾಯಗಳಿಗಿಂತ ಕೊಳಕೇ ಹೆಚ್ಚು ಸೈನಿಕರನ್ನು ಕೊಂದಿತ್ತು. ಹಾಸಿಗೆಯ ಪಕ್ಕದಲ್ಲಿ ತೋರಿದ ಕರುಣೆಯೊಂದೇ ಅವರನ್ನು ಉಳಿಸಲು ಸಾಲದಾಗಿತ್ತು. ಈ ಸತ್ಯ ಆಕೆಯ ಮನಸ್ಸನ್ನು ಕಲಕಿತು. ತನಗೆ ದೊರೆತ ಕೀರ್ತಿಯನ್ನು ನೆಚ್ಚಿ ಕೂರದೆ, ಆಕೆ ಆ ಅಂಕಿಗಳನ್ನು ಚಿತ್ರರೂಪದಲ್ಲಿ ಬಿಡಿಸಿ ಅಧಿಕಾರಿಗಳ ಮುಂದಿಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಶಾಲೆಯನ್ನು ಸ್ಥಾಪಿಸಿದಳು. ಅಲ್ಲಿ ತರಬೇತಿ ಪಡೆದವರು ದೇಶವಿದೇಶಗಳಿಗೆ ಹೋಗಿ ಈ ವಿದ್ಯೆಯನ್ನು ಹರಡಿದರು.

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಯುದ್ಧಭೂಮಿಯಲ್ಲಿ ತಗುಲಿದ ಜ್ವರದಿಂದ ಆಕೆಯ ದೇಹ ಜರ್ಜರಿತವಾಗಿತ್ತು. ಆದರೂ ಕೋಣೆಯಲ್ಲಿದ್ದುಕೊಂಡೇ ಆಕೆ ನಮ್ಮ ದೇಶದ ಆರೋಗ್ಯವನ್ನು ಕುರಿತು ದಶಕಗಳ ಕಾಲ ದುಡಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ಆಯೋಗದ ವರದಿ ತಿಳಿಸಿತು. ಆ ವರದಿಯ ಹಿಂದೆ ಆಕೆಯ ಅಪಾರ ಶ್ರಮವಿತ್ತು. ಸೈನಿಕರ ಚಿಂತೆಯಿಂದ ಮೊದಲಾದ ಆ ಕೆಲಸ ಕ್ರಮೇಣ ಹಳ್ಳಿಗರ ಚಿಂತೆಯಾಗಿ ಬೆಳೆಯಿತು. 1876ರಿಂದ 1878ರವರೆಗೆ ಮದರಾಸು ಪ್ರಾಂತ್ಯವನ್ನು ಘೋರ ಕ್ಷಾಮ ಆವರಿಸಿತು. ಅಂದು ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅದರಿಂದ ತೀವ್ರವಾಗಿ ನಲುಗಿತು. ಮೇಲೆ ಹೇಳಿದ ಊರುಗಳೆಲ್ಲ ಆಗ ಆ ಜಿಲ್ಲೆಯಲ್ಲಿಯೇ ಇದ್ದವು. 1878ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನೈಟಿಂಗೇಲ್ ರೈತರ ಸಾಲದ ಸಂಕಟವನ್ನೂ ನೀರಾವರಿಯ ಅಗತ್ಯವನ್ನೂ ಆಳುವವರಿಗೆ ನಿಷ್ಠುರವಾಗಿ ತಿಳಿಸಿದಳು. ಹೊಟ್ಟೆಗೆ ಅನ್ನ, ಕುಡಿಯಲು ಶುದ್ಧವಾದ ನೀರು ಇಲ್ಲದ ಕಡೆ ಔಷಧ ವ್ಯರ್ಥವೆಂಬುದನ್ನು ಆಕೆ ಚೆನ್ನಾಗಿ ಅರಿತಿದ್ದಳು.

1907ರಲ್ಲಿ ಆಕೆಗೆ ಆರ್ಡರ್ ಆಫ್ ಮೆರಿಟ್ ಎಂಬ ಉನ್ನತ ಗೌರವ ದೊರೆಯಿತು. ಅದನ್ನು ಪಡೆದ ಮೊದಲ ಮಹಿಳೆ ಆಕೆಯೇ. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಕಾಲವಶಳಾದಳು. ಹಳ್ಳಿಯೊಂದರಲ್ಲಿರುವ ಆಕೆಯ ಸಮಾಧಿಯ ಮೇಲೆ ಪೂರ್ಣ ಹೆಸರೂ ಇಲ್ಲ. ಹೆಸರಿನ ಮೊದಲಕ್ಷರಗಳು, ಹುಟ್ಟುಸಾವುಗಳ ದಿನಾಂಕಗಳು ಮಾತ್ರ ಇವೆ. ಆಕೆಯ ಜನ್ಮದಿನವನ್ನು ಜಗತ್ತು ಶುಶ್ರೂಷಕಿಯರ ದಿನವೆಂದು ಆಚರಿಸುತ್ತದೆ.

ಇಂದು ಶುಶ್ರೂಷೆಯಲ್ಲಿ ಮೂರು ವರ್ಷಗಳ ಡಿಪ್ಲೊಮಾ, ನಾಲ್ಕು ವರ್ಷಗಳ ಪದವಿ ಮೊದಲಾದ ವ್ಯಾಸಂಗಗಳಿವೆ. ಯುವಕರೂ ಈ ವೃತ್ತಿಗೆ ಬರುತ್ತಿದ್ದಾರೆ. ಬಿಸಿಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಹಸುಗೂಸುಗಳಿಗೆ ಲಸಿಕೆ ಹಾಕಿ, ಗರ್ಭಿಣಿಯರ ತೂಕವನ್ನು ಪುಸ್ತಕದಲ್ಲಿ ಬರೆದುಕೊಂಡು, ನೀರನ್ನು ಕಾಯಿಸಿ ಕುಡಿಯಿರೆಂದು ತಿಳಿಹೇಳುವ ಆರೋಗ್ಯ ಸಹಾಯಕಿಯನ್ನು ನೀವು ಕಂಡಿರಬಹುದು. ರೋಗ ಬಂದ ಮೇಲೆ ಆರೈಕೆ ಮಾಡುವುದು ಶುಶ್ರೂಷೆಯ ಒಂದು ಭಾಗ. ರೋಗ ಬಾರದಂತೆ ಕಾಯುವುದು ಅದರ ಇನ್ನೊಂದು ಭಾಗ. ಆಕೆಯ ಕೈಯಲ್ಲಿರುವ ಆ ಲೆಕ್ಕದ ಪುಸ್ತಕವೂ ಸ್ಕುಟಾರಿಯ ದೀಪದಷ್ಟೇ ಬೆಲೆಯುಳ್ಳದ್ದು.